ಕಾರ್ಖಾನೆಯಲ್ಲಿ ಕೈಗೆ ತೀವ್ರ ಗಾಯವಾದಾಗ: ಚಿಕಿತ್ಸೆ ಮತ್ತು ಹಕ್ಕು

ಮೈಸೂರಿನ ಮೇಟಗಳ್ಳಿಯಲ್ಲಾಗಲಿ, ಮಂಡ್ಯದ ತೂಬಿನಕೆರೆಯಲ್ಲಾಗಲಿ ಕೆಲಸಗಾರನ ಕೈ ಯಂತ್ರಕ್ಕೆ ಸಿಕ್ಕಿದರೆ, ಮೊದಲು ಯಂತ್ರವನ್ನು ನಿಲ್ಲಿಸಿ, ಶುಭ್ರವಾದ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿಹಿಡಿದು ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಬೇಕು. ಉಂಗುರವಿದ್ದರೆ ಬಾವು ಬರುವ ಮುನ್ನವೇ ತೆಗೆಯಬೇಕು.

ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳುಹಿಸಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಮತ್ತೆ ಜೋಡಿಸಬಹುದಾಗಿದ್ದ ಬೆರಳು ಈ ಒಂದು ತಪ್ಪಿನಿಂದ ಕೈತಪ್ಪಬಹುದು. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ, ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಇದ್ದಾರೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರಿಗೆ ಚಿಕಿತ್ಸೆ ಉಚಿತ. ಕೆಲಸದಲ್ಲಾದ ಗಾಯಕ್ಕೆ, ಸೇರಿದ ಮೊದಲ ದಿನದಿಂದಲೇ, ಇಷ್ಟು ಕಾಲ ವಿಮೆಯ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲದೆ ರಕ್ಷಣೆ ಇದೆ. ತಾತ್ಕಾಲಿಕ ಅಶಕ್ತತೆಯ ಅವಧಿಗೆ ಸರಾಸರಿ ದಿನಗೂಲಿಯ ಶೇ. 90ರಷ್ಟು ನಗದು ಸಿಗುತ್ತದೆ. ಆದರೆ ಅಪಘಾತವು ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ದಾಖಲಾಗಿರಬೇಕು. "ಮನೆಯಲ್ಲಿ ಬಿದ್ದೆ ಅಂತ ಹೇಳಪ್ಪ, ಖರ್ಚು ನಾವು ನೋಡ್ಕೋತೀವಿ" ಎಂದು ಮೇಸ್ತ್ರಿ ಹೇಳಿದರೆ ದಯವಿಟ್ಟು ಒಪ್ಪಬೇಡಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಆಸ್ಪತ್ರೆಯ ಚೀಟಿಯಲ್ಲಿಯೂ ಯಂತ್ರದಿಂದಾದ ಗಾಯವೆಂದೇ ಬರೆಸಬೇಕು.

ಇ.ಎಸ್.ಐ. ಇಲ್ಲದವರಿಗೆ ಮಾಲೀಕರೇ ಪರಿಹಾರ ಕೊಡಬೇಕು. ಪರಿಹಾರದ ಲೆಕ್ಕಕ್ಕೆ, ಕಾನೂನಿನ ಪಟ್ಟಿಯಂತೆ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದ ನಷ್ಟ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14. ಈ ಹಕ್ಕು ಗುತ್ತಿಗೆ ಕಾರ್ಮಿಕರಿಗೂ ಇದೆ. ಅರ್ಜಿಯನ್ನು ಅಪಘಾತವಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.