ಇಪ್ಪತ್ತೈದು ಜನರ ಸಂಕ್ರಾಂತಿ: ಎಳ್ಳು, ಅಚ್ಚು, ಮಕ್ಕಳ ಕೈಕೆಲಸ

ಹಬ್ಬದ ದಿನದ ಅಡುಗೆ ಅಷ್ಟೇನೂ ಕಷ್ಟವಲ್ಲ. ಎಳ್ಳು-ಬೆಲ್ಲ ಮತ್ತು ಸಕ್ಕರೆ ಅಚ್ಚು ಒಂದು ವಾರ ಮೊದಲೇ ಶುರುವಾಗಬೇಕು, ಅಷ್ಟೇ.

ಎರಡೂವರೆ ಕಿಲೋ ಎಳ್ಳು-ಬೆಲ್ಲದ ಮಿಶ್ರಣಕ್ಕೆ ನಮ್ಮ ಲೆಕ್ಕ: ಕೊಬ್ಬರಿ, ಬೆಲ್ಲ, ಸಿಪ್ಪೆ ತೆಗೆದ ಕಡಲೆಬೀಜ ತಲಾ 600 ಗ್ರಾಂ, ಹುರಿಗಡಲೆ 500, ಬಿಳಿ ಎಳ್ಳು 200. ಬೆಲ್ಲ ಗಟ್ಟಿಯಾಗಿರಲಿ. ಮೆತ್ತನೆಯದು ಹೆಚ್ಚುವಾಗಲೇ ಅಂಟುತ್ತದೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ, ತೆಳುಬಟ್ಟೆ ಹೊದಿಸಿ ಎರಡು-ಮೂರು ದಿನ ಬಿಸಿಲಿಗಿಡಿ. ಬೆಲ್ಲವೂ ಒಣಗಬೇಕು, ಆದರೆ ಬೇರೆ ತಟ್ಟೆಯಲ್ಲಿ. ಹೆಚ್ಚುವಾಗ ಉದುರುವ ಬೆಲ್ಲದ ಪುಡಿಯನ್ನು ಜರಡಿ ಹಿಡಿದು ಪೊಂಗಲಿಗೆ ಎತ್ತಿಡಿ. ಅದು ಮಿಶ್ರಣದಲ್ಲಿ ಉಳಿದರೆ ಮೊದಲು ನೀರೊಡೆಯುವುದು ಅದೇ. ಹುರಿದ ಕಡಲೆಬೀಜ, ಎಳ್ಳು ಪೂರ್ತಿ ಆರಬೇಕು. ಬಿಸಿ ಇರುವಾಗ ಬೆರೆಸಿದರೆ ಬೆಲ್ಲ ಕರಗಿ ಎಲ್ಲವೂ ಉಂಡೆಗಟ್ಟುತ್ತದೆ. ಬಣ್ಣದ ಜೀರಿಗೆ ಮಿಠಾಯಿ ಕೊನೆಗೆ, ಹಂಚುವ ದಿನ.

ಅಚ್ಚು ಕೈ ಕೊಡುವುದೇ ಹೆಚ್ಚು. ಮರದ ಅಚ್ಚುಗಳನ್ನು ಮೂರು ಗಂಟೆಯಾದರೂ ನೀರಲ್ಲಿ ನೆನೆಸಿ, ಒರೆಸಿ, ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ. ಒಣ ಮರಕ್ಕೆ ಸಕ್ಕರೆ ಕಚ್ಚಿಕೊಂಡು ಆನೆಯ ಸೊಂಡಿಲು, ನವಿಲಿನ ಕತ್ತು ಒಳಗೇ ಉಳಿಯುತ್ತವೆ. ಅರ್ಧ ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ನೀರು. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಬಟ್ಟೆಯಲ್ಲಿ ಶೋಧಿಸಿ. ಮುಂದೆ ಒಮ್ಮೆಗೆ ಅರ್ಧ ಬಟ್ಟಲು ಪಾಕ ಮಾತ್ರ. ಎಳೆ ಬರುವವರೆಗೆ ಕಾಯಿಸಿ, ಇಳಿಸಿ, ಸೌಟಿನ ಬೆನ್ನಿನಿಂದ ಪಾತ್ರೆಯ ಅಂಚಿಗೆ ಉಜ್ಜುತ್ತಿರಿ. ಪಾಕ ಹಾಲಿನಂತೆ ಮಸುಕಾದ ಕ್ಷಣವೇ ಸುರಿಯಬೇಕು. ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಚಮಚ ನೀರು ಹಾಕಿ ಮತ್ತೆ ಕಾಯಿಸಿದರೆ ಸರಿಹೋಗುತ್ತದೆ. ನಿಂಬೆರಸ ಹಿಂಡುವವರಿದ್ದಾರೆ, ನಾನು ಹಾಕುವುದಿಲ್ಲ. ಹನಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟದೆ ಅಚ್ಚು ಜಿಗುಟಾಗುತ್ತದೆ. ಹತ್ತು ನಿಮಿಷ ಬಿಟ್ಟು ಬಿಚ್ಚಿ. ಬಿಸಿ ಪಾಕದ ಹತ್ತಿರ ಮಕ್ಕಳು ಬೇಡ, ಬಿಚ್ಚುವ ಕೆಲಸ ಪೂರ್ತಿ ಅವರದೇ ಆಗಲಿ. ಮುರಿದದ್ದು ಬಾಯಿಗೆ.

ಹಿಂದಿನ ದಿನ ಅವರೆಕಾಯಿ ಬಿಡಿಸಿ ರಾತ್ರಿ ಕಾಳು ನೆನೆಹಾಕಿ. ಬೆಳಿಗ್ಗೆ ಹಿತಕುವುದಕ್ಕೆ ಮಕ್ಕಳನ್ನು ಕೂರಿಸಿ: ಕಾಳನ್ನು ಬಟ್ಟಲಿನ ಒಳಮುಖಕ್ಕೆ ಹಿಡಿದು ಹೆಬ್ಬೆರಳಿಂದ ಒತ್ತಬೇಕು, ಇಲ್ಲದಿದ್ದರೆ ಬೇಳೆ ಗೋಡೆಗೆ ಹಾರುತ್ತದೆ. (ಹಾರಿಸುವುದೇ ಅವರಿಗೆ ಖುಷಿ. ನೆಲಕ್ಕೊಂದು ಹಳೇ ಸೀರೆ ಹಾಸಿ.)

ಸಿಹಿ ಪೊಂಗಲಿಗೆ ಅಕ್ಕಿ 750 ಗ್ರಾಂ, ಹುರಿದ ಹೆಸರುಬೇಳೆ 375, ಬೆಲ್ಲ ಒಂದೂಕಾಲು ಕಿಲೋ, ತುಪ್ಪ 300 ಗ್ರಾಂ. ಅಕ್ಕಿ ಹಿಚುಕಿದರೆ ಮುದ್ದೆಯಾಗುವಷ್ಟು ಬೆಂದ ಮೇಲೆಯೇ, ಕರಗಿಸಿ ಶೋಧಿಸಿದ ಬೆಲ್ಲ. ಬೆಲ್ಲ ಬಿದ್ದ ಮೇಲೆ ಅಗುಳು ಮೆತ್ತಗಾಗುವುದಿಲ್ಲ.

ಸಂಜೆ ಪುಟ್ಟ ಮಕ್ಕಳಿಗೆ ಎಲಚಿ ಹಣ್ಣು ಎರೆಯುವುದು, ಅಂದರೆ ಎಲಚಿ, ಕಬ್ಬಿನ ತುಂಡು, ನಾಣ್ಯ ಬೆರೆಸಿ ತಲೆಯ ಮೇಲೆ ಸುರಿದು ಆರತಿ ಎತ್ತುವುದು. ಚಿಕ್ಕ ಎಲಚಿಯೇ ಇರಲಿ. ಸೇಬಿನಷ್ಟು ದಪ್ಪನೆಯ ಹೊಸ ತಳಿ ತಲೆಗೆ ಬಿದ್ದರೆ ಮಗು ಅಳುತ್ತದೆ. ಕಬ್ಬಿನ ಸಿಪ್ಪೆ ಪೂರ್ತಿ ತೆಗೆದು ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ, ಅಂಚು ಗೀರುತ್ತದೆ. ನಾಣ್ಯ ಎಣಿಸಿ ಹಾಕಿ. 21 ಹಾಕಿದ್ದರೆ ಆರತಿಯ ನಂತರ 21 ಸಿಗಬೇಕು, ಒಂದು ಕಡಿಮೆಯಾದರೂ ಹುಡುಕದೆ ಮಗುವನ್ನು ನೆಲಕ್ಕೆ ಬಿಡಬೇಡಿ. ನಾಲ್ಕು ವರ್ಷದೊಳಗಿನವರ ಕೈಗೆ ಎಳ್ಳಿನ ಪೊಟ್ಟಣವೂ ಬೇಡ, ಕಡಲೆಬೀಜ ಗಂಟಲಿಗೆ ಸಿಕ್ಕೀತು. ಅವರಿಗೆ ಸಕ್ಕರೆ ಅಚ್ಚಿನ ಚೂರು ಸಾಕು.

ದೊಡ್ಡ ಮಕ್ಕಳು ಗಾಳಿಪಟ ಕೇಳುತ್ತಾರೆ. ನಮ್ಮ ಕಡೆ ಅದು ಆಷಾಢದ ಗಾಳಿಯ ಆಟ. ಜನವರಿಯಲ್ಲಿ ಹಾರಿಸುವುದಾದರೆ ಹಗುರ ಕಾಗದದ ಪಟ, ಹತ್ತಿ ದಾರ. ಅದಕ್ಕಿಂತ ಎಳ್ಳು ಬೀರುವ ತಟ್ಟೆ ಅವರ ಕೈಗೆ ಕೊಟ್ಟು ಬೀದಿಗೆ ಕಳಿಸಿ: ಮನೆಗೊಂದು ನೂರು ಗ್ರಾಂ ಪೊಟ್ಟಣ, ಒಂದು ಅಚ್ಚು, ಒಂದು ತುಂಡು ಕಬ್ಬು, ಒಂದು ಬಾಳೆಹಣ್ಣು. ಹೊರಡುವ ಮುಂಚೆ ಎರಡು ಖಾಲಿ ಚೀಲವೂ ಜೊತೆಗಿರಲಿ, ಪ್ರತಿ ಮನೆಯವರೂ ತಿರುಗಿ ಅಷ್ಟೇ ಕೊಡುತ್ತಾರೆ.