ಕಿಟ್ ಇಲ್ಲದೆ ಕಿರ್ ಟೈಪಿಂಗ್: ನನ್ನ ಅನುಭವ

ಕಿರ್ ಅಂದರೆ ದೇಹವನ್ನು ಕಾಯುವ ಎನ್‌ಕೆ ಕೋಶಗಳ ಮೇಲಿನ ಗ್ರಾಹಕಗಳ ಜೀನ್‌ಗಳು. ಯಾರಲ್ಲಿ ಯಾವುದಿದೆ ಅಂತ ನೋಡುವುದೇ ಟೈಪಿಂಗ್. ಹಳೆಯ, ಚೂರುಚೂರಾದ ಡಿಎನ್‌ಎಯಲ್ಲಿ ರೆಡಿಮೇಡ್ ಕಿಟ್ ಇಲ್ಲದೆ ಕಿರ್ ಟೈಪಿಂಗ್ ಆಗಲ್ಲ ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು. ಆಯಿತು. ಜೀನ್ ಇದ್ದರೆ ಜೆಲ್‌ನಲ್ಲಿ ಕಾಣುವ ಗೆರೆಗಳು, ಅಂದರೆ ಬ್ಯಾಂಡ್‌ಗಳು, ಚೆನ್ನಾಗೇ ಬಂದಿವೆ.

ಮೊದಲ ಸೆಟ್ ಪ್ರೈಮರ್‌ಗಳಲ್ಲಿ (ಪಿಸಿಆರ್‌ನಲ್ಲಿ ಬೇಕಾದ ಜೀನನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಂಡುಗಳು) ಹೆಚ್ಚುಕಡಿಮೆ ಅರ್ಧ ದಂಡವಾದವು. 2ಡಿಎಸ್3 ಅನ್ನುವ ಕಿರ್ ಜೀನ್‌ಗೆ ಮಾಡಿಸಿದ್ದು 2ಡಿಎಸ್5 ಅನ್ನೂ ಹಿಡಿಯುತ್ತಿತ್ತು. ಅಷ್ಟು ದುಡ್ಡಿಗೆ ಒಂದು ಕಿಟ್ಟೇ ಬರುತ್ತಿತ್ತು. ಆದರೆ ಒಮ್ಮೆ ಕೂತ ಪ್ರೈಮರ್ ಸಾವಿರಾರು ರಿಯಾಕ್ಷನ್‌ಗೆ ಸಾಕು. ಈಗ ಒಂದು ಸ್ಯಾಂಪಲ್‌ಗೆ ಕಿಟ್‌ನ ಖರ್ಚಿನ ಐದರಲ್ಲಿ ಒಂದು ಪಾಲು ಬೀಳುತ್ತಿರಬಹುದು. ಜಾಸ್ತಿ ದುಡ್ಡು ತಿನ್ನುವುದು ಡಿಎನ್‌ಎ ನಕಲು ಮಾಡುವ ಕಿಣ್ವ, ಪಾಲಿಮರೇಸ್.

ಕೆಲಸ ಹಳಿಗೆ ಬಂದಿದ್ದು ಪಿಸಿಆರ್‌ನಲ್ಲಿ ನಕಲಾಗುವ ತುಂಡಿನ ಉದ್ದ ಇಳಿಸಿದ ಮೇಲೆ. ಎಲ್ಲವನ್ನೂ ಸುಮಾರು 250 ಬೇಸ್ (ಡಿಎನ್‌ಎಯ ಅಕ್ಷರ) ಒಳಗೆ ತಂದೆ. 22 ಬೇಸ್ ಕಳೆದುಕೊಂಡ 2ಡಿಎಸ್4 ಕೂಡ ಮೂರು ಪರ್ಸೆಂಟ್ ಜೆಲ್‌ನಲ್ಲಿ ಬೇರೆಯಾಗಿ ಕಾಣುತ್ತದೆ. 2ಡಿಎಲ್2 ಪ್ರೈಮರ್‌ನ ತುದಿಯಲ್ಲಿ ಒಂದು ಬೇಸ್ ಬದಲಿಸಿದ್ದೇನೆ. ಅದು ಯಾವುದು ಅಂತ ಸದ್ಯಕ್ಕೆ ಹೇಳುವುದಿಲ್ಲ.

ಇಷ್ಟು ಹಟ ಯಾಕೆ ಅಂದರೆ, ಕಿರ್‌ನಲ್ಲಿ ಬಾರದ ಬ್ಯಾಂಡೂ ಒಂದು ಉತ್ತರ. 2ಡಿಎಲ್2, 2ಡಿಎಲ್3 ಒಂದೇ ಜಾಗದ ಎರಡು ರೂಪ, ಹಾಗಾಗಿ 2ಡಿಎಲ್2 ಕಾಣದಿದ್ದರೆ ಎರಡೂ ಪ್ರತಿ 2ಡಿಎಲ್3 ಅಂತ ಓದುತ್ತೇವೆ. ಎರಡು 2ಡಿಎಲ್3, ಜೊತೆಗೆ ಎರಡು ಸಿ1 (2ಡಿಎಲ್3 ಅಂಟುವ ಎಚ್‌ಎಲ್‌ಎ-ಸಿಯ ಒಂದು ರೂಪ) ಇದ್ದವರು ಹೆಪಟೈಟಿಸ್ ಸಿ ವೈರಸ್ಸನ್ನು ತಾವೇ ಕಳೆದುಕೊಳ್ಳುವ ಸಾಧ್ಯತೆ ಹೆಚ್ಚು ಅಂತ 2004ರಲ್ಲಿ ಒಂದು ಪೇಪರ್ ಬಂತಲ್ವಾ? ಡಿಎನ್‌ಎ ಹಾಳಾಗಿ 2ಡಿಎಲ್2 ತಪ್ಪಿಹೋದರೆ ಆ ಮನುಷ್ಯ ಸುಮ್ನೆ ಈ ಗುಂಪಿಗೆ ಸೇರಿಬಿಡುತ್ತಾನೆ. ಗರ್ಭಿಣಿಯರಿಗೆ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾದಲ್ಲೂ ಇದೇ ಕಥೆ. ಕಿರ್ ಜೀನ್ ಗುಂಪುಗಳಲ್ಲಿ ಎ, ಬಿ ಅಂತ ಎರಡು ಬಗೆ. ಬಿ ಜೀನ್‌ಗಳ ಬ್ಯಾಂಡ್ ಬಾರದಿದ್ದರೆ ತಾಯಿ ಎಎ ಆಗುತ್ತಾಳೆ, ಅಂದರೆ ಈ ರೋಗದ ಅಪಾಯಕ್ಕೆ ತಳುಕು ಹಾಕಿದ ಗುಂಪಿಗೆ ಸೇರುತ್ತಾಳೆ. ರೋಗಿಗಳ ಸ್ಯಾಂಪಲ್ ಹಳೆಯದು, ಕಂಟ್ರೋಲ್ (ಹೋಲಿಕೆಗೆ ತೆಗೆದುಕೊಂಡ ರೋಗವಿಲ್ಲದವರದ್ದು) ಹೊಸದು ಆಗಿದ್ದರಂತೂ ಇಲ್ಲದ ಸಂಬಂಧವೇ ಹುಟ್ಟಿಕೊಳ್ಳುತ್ತದೆ.

ಹಾಗಾಗಿ ಹೆಚ್ಚುಕಡಿಮೆ ಎಲ್ಲರಲ್ಲೂ ಇರುವ 3ಡಿಎಲ್2, 2ಡಿಎಲ್4 ಬಾರದ ಸ್ಯಾಂಪಲ್ಲನ್ನು ನಾನು ಓದುವುದೇ ಇಲ್ಲ. 2ಡಿಎಲ್2, 2ಡಿಎಲ್3 ಎರಡೂ ಕಾಣದಿದ್ದರೆ ಮತ್ತೆ ಹಾಕುತ್ತೇನೆ. 2ಡಿಎಸ್2 ಇದ್ದು 2ಡಿಎಲ್2 ಇಲ್ಲದಿದ್ದರೂ ಅಷ್ಟೇ, ಅವೆರಡು ಸಾಮಾನ್ಯವಾಗಿ ಜೊತೆಗೇ ಇರುತ್ತವೆ. ಹೀಗೆ ನೂರರಲ್ಲಿ ಏಳೆಂಟು ವಾಪಸ್ ಬರುತ್ತವೆ. ಒಂದೆರಡರಲ್ಲಿ ಮತ್ತೆ ಹಾಕಿದರೂ ಅದೇ ಉತ್ತರ. ಅವು ನಿಜವಾಗಿಯೂ ವಿಚಿತ್ರ ಹ್ಯಾಪ್ಲೋಟೈಪ್‌ಗಳು (ಒಟ್ಟಿಗೇ ಬರುವ ಜೀನ್ ಗುಂಪುಗಳು), ಎಸೆಯಬೇಡಿ.

ನಡುವೆ ಆಸೆಗೆ ಬಿದ್ದು ಕ್ಯುಪಿಸಿಆರ್‌ನಲ್ಲಿ (ಡಿಎನ್‌ಎ ಪ್ರಮಾಣ ಅಳೆಯುವ ಪಿಸಿಆರ್) 3ಡಿಎಲ್1, 3ಡಿಎಸ್1 ಪ್ರತಿಗಳನ್ನೂ ಎಣಿಸಿದೆ. ಸಾಮಾನ್ಯವಾಗಿ ಎರಡು ಇರುತ್ತವೆ, ಒಬ್ಬರಲ್ಲಿ ಎರಡೂ ಸೇರಿ ಮೂರು ಬಂತು! ಎಚ್‌ಐವಿ ಸ್ಯಾಂಪಲ್‌ಗಳಲ್ಲಿ ಇದನ್ನು ನೋಡಲೇಬೇಕು ಅನ್ನಿಸಿದೆ. ಆದರೆ ಎಣಿಕೆಗೆ ಬೇಕಾದ ಪ್ರೋಬ್ ದುಬಾರಿ, ಅಲ್ಲಿಗೇ ನಿಂತಿದೆ.

ಈಗ ಅದೇ ಪ್ಲೇಟಿಗೆ ಸಿ1, ಸಿ2 ಬೇರೆಯಾಗುವ ಎಚ್‌ಎಲ್‌ಎ-ಸಿ 80ನೇ ಜಾಗವನ್ನೂ ಸೇರಿಸುತ್ತಿದ್ದೇನೆ. ಸಿ2 ಕೂತಿದೆ. ಸಿ1 ಬ್ಯಾಂಡ್ ಇನ್ನೂ ತೆಳು.