ಪತ್ರಿಕೋದ್ಯಮ ಎಂ.ಎ.: ಎಲ್ಲಿ ಸೇರಬೇಕು ಅಂತ ನಿರ್ಧರಿಸುವುದು ಹೇಗೆ?

ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿರುವ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಒಂದೇ: 'ಜರ್ನಲಿಸಂಗೆ ಯಾವ ಯೂನಿವರ್ಸಿಟಿ ಒಳ್ಳೇದು?' ಅದಕ್ಕೆ ಉತ್ತರ ಸಿಗಬೇಕಾದರೆ ಇನ್ನೆರಡು ಪ್ರಶ್ನೆ ಕೇಳಬೇಕು. ಅಲ್ಲಿ ನಿಮ್ಮಿಂದ ಎಷ್ಟು ವರದಿ ಬರೆಸುತ್ತಾರೆ? ಬರೆದದ್ದನ್ನು ಕೂತು ತಿದ್ದುವವರು ಯಾರಿದ್ದಾರೆ? ಕಟ್ಟಡ, ಹೆಸರು, ಜಾಹೀರಾತು ಎಲ್ಲ ಆಮೇಲೆ.

ಮೊದಲು, ಡಿಗ್ರಿಯೋ ಡಿಪ್ಲೊಮಾನೋ?

ವಿಶ್ವವಿದ್ಯಾಲಯದ ಎಂ.ಎ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನಂಥ ಕಡೆ ಸಿಗುವುದು ಸುಮಾರು ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ. (ಈ ಕಾಲೇಜು 1994ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಚೆನ್ನೈಗೆ ಹೋಗಿದ್ದು 2000ದಲ್ಲಿ.) ಬೇಗ ಕೆಲಸಕ್ಕೆ ಸೇರಬೇಕು, ಇಂಗ್ಲಿಷ್ ಪತ್ರಿಕೆಗೇ ಹೋಗಬೇಕು ಅನ್ನುವವರಿಗೆ ಡಿಪ್ಲೊಮಾ ಹೊಂದುತ್ತದೆ. ಆದರೆ ಮುಂದೆ ಉಪನ್ಯಾಸಕರಾಗುವ ಆಸೆ ಸ್ವಲ್ಪ ಇದ್ದರೂ ಎಂ.ಎ. ಮಾಡಿಕೊಳ್ಳಿ. ಉಪನ್ಯಾಸಕರ ಅರ್ಹತೆಗಾಗಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು, ಮೀಸಲು ವರ್ಗದವರಿಗೆ ಶೇ 50. ಕೆಲಸಕ್ಕೆ ಸೇರಿ ಹತ್ತು ವರ್ಷ ಕಳೆದ ಮೇಲೆ ಇದಕ್ಕಾಗಿ ಮತ್ತೆ ಓದಲು ಕೂರುವುದು ಕಷ್ಟ.

ಎರಡನೆಯದು, ಭಾಷೆ

ಮೈಸೂರು, ಧಾರವಾಡ, ಕೊಣಾಜೆ (ಮಂಗಳೂರು ವಿ.ವಿ.), ಶಂಕರಘಟ್ಟ (ಕುವೆಂಪು ವಿ.ವಿ.), ಕಲಬುರಗಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಹೀಗೆ ರಾಜ್ಯದ ನಾಲ್ಕೂ ದಿಕ್ಕಿನಲ್ಲಿ ಪತ್ರಿಕೋದ್ಯಮ ವಿಭಾಗಗಳಿವೆ. ನೀವು ಕೆಲಸ ಮಾಡುವುದು ಕನ್ನಡದಲ್ಲಿ ಅಂತಾದರೆ ಪಾಠ, ಪರೀಕ್ಷೆ ಕನ್ನಡದಲ್ಲಿ ಇದೆಯಾ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಅನುವಾದ ಕಲಿಸುತ್ತಾರಾ ಅಂತಲೂ ಕೇಳಿ. ಕನ್ನಡ ಪತ್ರಿಕೆಯ ಡೆಸ್ಕ್‌ಗೆ (ಸುದ್ದಿ ತಿದ್ದಿ ಸಿದ್ಧಪಡಿಸುವ ವಿಭಾಗಕ್ಕೆ) ಸೇರಿದವರ ಕೈಗೆ ಮೊದಲ ದಿನವೇ ಬರುವುದು ಪಿಟಿಐ ಸುದ್ದಿಸಂಸ್ಥೆ ಕಳಿಸಿದ ಇಂಗ್ಲಿಷ್ ಸುದ್ದಿ. ಅದನ್ನು ಓದುಗರಿಗೆ ಅರ್ಥವಾಗುವ ಕನ್ನಡಕ್ಕೆ ತರಲು ಬಾರದಿದ್ದರೆ ಸಿದ್ಧಾಂತ ಎಷ್ಟು ಓದಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯದು, ಲ್ಯಾಬ್ ಜರ್ನಲ್ ಕೇಳಿ ಓದಿ

ಉಳಿದದ್ದಕ್ಕೆ ಸಮಯ ಸಿಗದಿದ್ದರೂ ಇದೊಂದನ್ನು ಬಿಡಬೇಡಿ. ಬಹುತೇಕ ವಿಭಾಗಗಳು ವಿದ್ಯಾರ್ಥಿಗಳಿಂದ ಒಂದು ಪ್ರಾಯೋಗಿಕ ಪತ್ರಿಕೆ ಮಾಡಿಸುತ್ತವೆ, ಅದೇ ಲ್ಯಾಬ್ ಜರ್ನಲ್. ವಿಭಾಗಕ್ಕೆ ಹೋಗಿ, 'ಕಳೆದ ವರ್ಷದ ಸಂಚಿಕೆಗಳನ್ನು ನೋಡಬಹುದಾ ಸರ್' ಅಂತ ಕೇಳಿ. ಮೊದಲು ತಾರೀಖು ನೋಡಿ. ತಿಂಗಳಿಗೊಂದು ಬರಬೇಕಾದ್ದು ವರ್ಷಕ್ಕೊಂದು ಬಂದಿದೆಯಾ? ಆಮೇಲೆ ಸುದ್ದಿಗಳನ್ನು ಓದಿ. ಕುಲಪತಿಗಳ ಭಾಷಣ, ವಿಚಾರ ಸಂಕಿರಣದ ಉದ್ಘಾಟನೆಯಿಂದಲೇ ಪುಟ ತುಂಬಿದ್ದರೆ ವಿದ್ಯಾರ್ಥಿಗಳು ಕ್ಯಾಂಪಸ್ ಬಿಟ್ಟು ಹೊರಗೆ ಹೋಗಿಲ್ಲ ಅಂತ ಅರ್ಥ. ಪಕ್ಕದ ಹಳ್ಳಿಯ ಕುಡಿಯುವ ನೀರು, ಬಸ್ ಬಾರದ ಊರು, ಹಾಸ್ಟೆಲ್ ಊಟ, ಸಂತೆಯ ವ್ಯಾಪಾರ ಇಂಥದ್ದು ಇದೆಯಾ? ಒಂದು ವರದಿಯಲ್ಲಿ ಎಷ್ಟು ಜನರನ್ನು ಮಾತಾಡಿಸಿದ್ದಾರೆ? ದೂರು ಯಾರ ಮೇಲಿದೆಯೋ ಅವರ ಮಾತೂ ಇದೆಯಾ? ತಲೆಬರಹದಲ್ಲೇ ಕಾಗುಣಿತ ತಪ್ಪಿದ್ದರೆ ಅಲ್ಲಿ ತಿದ್ದುವವರಿಲ್ಲ ಎಂದೇ ತಿಳಿಯಿರಿ.

ರೇಡಿಯೊ ಇಷ್ಟ ಇರುವವರು ಸ್ಟುಡಿಯೊ ಇದೆ ಅನ್ನುವ ಮಾತಿಗೆ ಮರುಳಾಗಬೇಡಿ. ಅದರ ಬೀಗ ಎಷ್ಟು ದಿನಕ್ಕೊಮ್ಮೆ ತೆಗೆಯುತ್ತಾರೆ ಅಂತ ವಿಚಾರಿಸಿ. ಮಂಗಳೂರಿನ ಸೇಂಟ್ ಅಲೋಶಿಯಸ್‌ನ ರೇಡಿಯೊ ಸಾರಂಗ್ 107.8, ಮಣಿಪಾಲದ ರೇಡಿಯೊ ಮಣಿಪಾಲ್ 90.4 ಇವೆಲ್ಲ ಸಮುದಾಯ ಬಾನುಲಿಗಳು. ನಿಜವಾದ ಕೇಳುಗರಿರುವ ಇಂಥ ಕಡೆ ಕಾರ್ಯಕ್ರಮ ಮಾಡಲು ಸಿಕ್ಕರೆ ಕಲಿಕೆಯೇ ಬೇರೆ.

ನಾಲ್ಕನೆಯದು, ಸಿಲೆಬಸ್‌ಗೆ ಒಂದು ಸಣ್ಣ ಪರೀಕ್ಷೆ

ಮಾಧ್ಯಮ ಕಾನೂನಿನ ಪಾಠ ತೆಗೆದು ನೋಡಿ. 2024ರ ಜುಲೈ 1ರಿಂದ ಮಾನನಷ್ಟದ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ಗೆ ಬಂದಿದೆ. ಪತ್ರಿಕೆಗಳ ನೋಂದಣಿಗೂ 1867ರ ಹಳೆಯ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ ಬಂದಿದೆ. ಸಿಲೆಬಸ್‌ನಲ್ಲಿ ಇನ್ನೂ ಮಾನನಷ್ಟದ ಹಳೆಯ ಸೆಕ್ಷನ್ ಐಪಿಸಿ 499, 1867ರ ಕಾಯ್ದೆ ಅಷ್ಟೇ ಇದ್ದರೆ ಉಳಿದ ಪಾಠಗಳೂ ಹಳೆಯವೇ ಇರುವ ಸಾಧ್ಯತೆ ಜಾಸ್ತಿ. ಕೇಸು ಹಾಕಿಸಿಕೊಳ್ಳುವ ಅಪಾಯ ಇರುವ ವೃತ್ತಿ ಇದು. ಕಾನೂನು ಸರಿಯಾಗಿ ಕಲಿಸದ ಕಡೆ ಸೇರಬೇಡಿ.

ಐದನೆಯದು, ಮಾತಾಡಿಸಿ

ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ಅಂತ ತಿಳಿದುಕೊಳ್ಳಿ. ಅತಿಥಿ ಉಪನ್ಯಾಸಕರಲ್ಲಿ ತುಂಬ ಒಳ್ಳೆಯ ಪತ್ರಕರ್ತರೂ ಇರುತ್ತಾರೆ. ಆದರೆ ಪ್ರತಿ ವರ್ಷ ಜನ ಬದಲಾಗುತ್ತಿದ್ದರೆ ನಿಮ್ಮ ಬರವಣಿಗೆ ಎರಡು ವರ್ಷದಲ್ಲಿ ಎಷ್ಟು ಸುಧಾರಿಸಿತು ಅಂತ ನೋಡುವವರು ಇರುವುದಿಲ್ಲ. ಎರಡನೇ ವರ್ಷದವರ ಜೊತೆ ಕ್ಯಾಂಟೀನ್‌ನಲ್ಲಿ ಕೂತು ಮಾತಾಡಿ. ಇಂಟರ್ನ್‌ಶಿಪ್‌ಗೆ ವಿಭಾಗದವರೇ ಕಳಿಸಿದರಾ, ಇವರೇ ಹುಡುಕಿಕೊಂಡರಾ? 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅನ್ನುವ ಕಡೆ ಯಾವ ಕೆಲಸ ಅಂತಲೂ ಕೇಳಿ. ಪಿಆರ್ (ಸಾರ್ವಜನಿಕ ಸಂಪರ್ಕ) ಕಂಪನಿ, ಜಾಹೀರಾತು ಸಂಸ್ಥೆಯ ಕೆಲಸವೂ ಆ ಲೆಕ್ಕಕ್ಕೇ ಸೇರಿರುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ ಉತ್ತರಿಸದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ವರದಿಗಾರರಾಗುವವರು ಅದನ್ನು ಕಲಿಯಲೇಬೇಕು ಅಲ್ವಾ?

ಊರು ಮತ್ತು ದುಡ್ಡು

ಬೆಂಗಳೂರಿನಲ್ಲಿ ವಿಧಾನಸೌಧ, ಹೈಕೋರ್ಟ್, ಪ್ರಮುಖ ಪತ್ರಿಕೆಗಳ ಕಚೇರಿ ಹತ್ತಿರ. ಇಂಟರ್ನ್‌ಶಿಪ್‌ಗೆ ಅನುಕೂಲ. ಆದರೆ ಸಣ್ಣ ಊರನ್ನು ಕಡೆಗಣಿಸಬೇಡಿ. ಗ್ರಾಮಸಭೆ, ಎಪಿಎಂಸಿ, ತಾಲ್ಲೂಕು ಆಸ್ಪತ್ರೆಗೆ ವಿದ್ಯಾರ್ಥಿ ನಡೆದುಕೊಂಡೇ ಹೋಗಿ ಸುದ್ದಿ ತರಬಹುದಾದ ಜಾಗಗಳವು. ಕನ್ನಡ ಮಾಧ್ಯಮದಲ್ಲಿ ಆರಂಭದ ಸಂಬಳ ದೊಡ್ಡದಲ್ಲ. ಆದ್ದರಿಂದ ಲಕ್ಷಗಟ್ಟಲೆ ಸಾಲ ಮಾಡಿ ಖಾಸಗಿ ಸಂಸ್ಥೆಗೆ ಸೇರುವ ಮುನ್ನ ತಿಂಗಳ ಕಂತು ಎಷ್ಟು ಬರುತ್ತದೆ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ಕಂತು ಕಟ್ಟುವುದಕ್ಕೋಸ್ಕರ ಪತ್ರಿಕೋದ್ಯಮ ಬಿಟ್ಟು ಬೇರೆ ಕೆಲಸಕ್ಕೆ ಹೋಗುವಂತಾಗಬಾರದು.

ಕೊನೆಗೆ, ಅರ್ಜಿ

ಇಲ್ಲಿ ಎಡವುವುದು ತಾರೀಖಿನಲ್ಲಿ. ದೆಹಲಿಯ ಐಐಎಂಸಿ (ಭಾರತೀಯ ಸಮೂಹ ಸಂವಹನ ಸಂಸ್ಥೆ), ಕಲಬುರಗಿ ಹತ್ತಿರದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ ಸಿಯುಇಟಿ ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಈಚಿನ ವರ್ಷಗಳಲ್ಲಿ ಅದು ಮಾರ್ಚ್ ಸುಮಾರಿಗೆ ನಡೆಯುತ್ತಿದೆ, ಅರ್ಜಿ ಅದಕ್ಕೂ ಮುಂಚೆ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಪದವಿ ಫಲಿತಾಂಶದ ಆಸುಪಾಸು, ಹಲವು ಕಡೆ ಯುಯುಸಿಎಂಎಸ್ ಎಂಬ ರಾಜ್ಯ ಸರ್ಕಾರದ ಪೋರ್ಟಲ್‌ನಲ್ಲಿ. ಫಲಿತಾಂಶ ಬರಲಿ ಅಂತ ಕಾದವರಿಗೆ ಸಿಯುಇಟಿ ತಪ್ಪಿಹೋಗಿರುತ್ತದೆ. ದೂರಶಿಕ್ಷಣದಲ್ಲಿ ಓದುವವರು ಆ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿ ವೆಬ್‌ಸೈಟ್‌ನಲ್ಲೇ ನೋಡಿ, ಏಜೆಂಟರ ಮಾತು ನಂಬಬೇಡಿ. ಸಂದರ್ಶನ ಇರುವ ಕಡೆಗೆ ಅಂಕಪಟ್ಟಿಯ ಜೊತೆ ನಿಮ್ಮ ಊರಿನ ಬಗ್ಗೆ ನೀವೇ ನಾಲ್ಕು ಜನರನ್ನು ಮಾತಾಡಿಸಿ ಬರೆದ ಎರಡು ವರದಿ ತೆಗೆದುಕೊಂಡು ಹೋಗಿ. ಅವು ಎಲ್ಲೂ ಪ್ರಕಟವಾಗಿರದಿದ್ದರೂ ಪರವಾಗಿಲ್ಲ.